ಮೊದಲ ಓದುಗರ ಹಕ್ಕು: ‘ನಾಗರಹಾವು’ ಕಾದಂಬರಿ ಮತ್ತು ಚಿತ್ರವನ್ನು ಕುರಿತು ಒಂದು ವಿಚಾರ

೧

ಕಾದಂಬರಿಯೊಂದು ಚಲನಚಿತ್ರವಾದೊಡನೆ ಅದರ ಅಭಿಮಾನಿಗಳಲ್ಲಿ ಎರಡು ಪಂಗಡಗಳು ಏರ್ಪಡುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಚಿತ್ರಕ್ಕೆ ಮುಂಚೆಯೇ ಕೃತಿಯನ್ನು ಓದಿ ಅದನ್ನು ತಮ್ಮ ಬಾಳಿನ ಒಂದು ಭಾಗವನ್ನಾಗಿ ಮಾಡಿಕೊಂಡವರು ಒಂದು ಪಂಗಡ. ಚಿತ್ರವನ್ನು ನೋಡಿ ಅದರ ಸೆಳೆತದಿಂದ ಕೃತಿಯ ಕಡೆಗೆ ಬಂದವರು ಇನ್ನೊಂದು ಪಂಗಡ. ಮೊದಲನೆಯವರಿಗೆ ಎರಡನೆಯವರ ವಿಷಯದಲ್ಲಿರುವ ಭಾವನೆ ಸರಳವಾದುದಲ್ಲ. ತಾವು ಮೆಚ್ಚಿದುದನ್ನು ಇನ್ನೂ ಹತ್ತು ಜನ ಮೆಚ್ಚಿದರೆಂಬ ಸಂತೋಷ ಅದರಲ್ಲಿ ಉಂಟು. ತಮ್ಮದಾಗಿದ್ದುದು ತಮ್ಮ ಕೈತಪ್ಪಿ ಸಂತೆಯ ಪಾಲಾಯಿತೆಂಬ ಅಸಮಾಧಾನವೂ ಉಂಟು. ಈ ಎರಡರಲ್ಲಿ ಅಸಮಾಧಾನವೇ ಹೆಚ್ಚಾಗಿ ಬಾಯಿಗೆ ಬರುತ್ತದೆ.

ಕೃತಿಗೂ ಚಿತ್ರಕ್ಕೂ ಇರುವ ವ್ಯತ್ಯಾಸಗಳನ್ನು ತೂಗಿ ನೋಡುವ ವಿಮರ್ಶೆ ನಮ್ಮಲ್ಲಿ ಸಾಕಷ್ಟು ಬಂದಿದೆ. ಓದುಗರ ಈ ಪರಸ್ಪರ ಭಾವನೆಯನ್ನು ಮಾತ್ರ ಹರಟೆಯ ವಿಷಯವೆಂದು ಬದಿಗಿರಿಸುವುದು ವಾಡಿಕೆ. ಹಾಗೆ ಬದಿಗಿರಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಕೃತಿಯೊಂದು ಬಾಳುವುದು ಓದುಗರಿಂದ. ಹಳೆಯ ಓದುಗರು ಹೊಸಬರನ್ನು ಯಾವ ಮುಖದಿಂದ ಬರಮಾಡಿಕೊಳ್ಳುತ್ತಾರೆಂಬುದರ ಮೇಲೆ ಕೃತಿಯ ಮುಂದಿನ ಆಯುಷ್ಯ ಬಹುಮಟ್ಟಿಗೆ ನಿಂತಿದೆ. ಆದುದರಿಂದ ಈ ಅಸಮಾಧಾನದಲ್ಲಿ ನ್ಯಾಯವಾದುದು ಎಷ್ಟು, ನ್ಯಾಯವಲ್ಲದುದು ಎಷ್ಟು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದುದು ಹೂವಿನಹಡಗಲಿಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗ. ಇಲ್ಲಿಯ ಗ್ರಂಥಾಲಯವೊಂದರಲ್ಲಿ ನಾವು ಪುಸ್ತಕ ಹುಡುಕುತ್ತಿದ್ದಾಗ ಪದವಿ ತರಗತಿಯ ಹುಡುಗನೊಬ್ಬನು ಬಂದು, ‘ವಿಷ್ಣುವರ್ಧನ್ ಅವರ ನಾಗರಹಾವು ಪುಸ್ತಕ ಐತೇನ್ರಿ?’ ಎಂದು ವಿಚಾರಿಸಿದನು. ಅಲ್ಲಿಯೇ ಪತ್ರಿಕೆ ಓದುತ್ತ ಕುಳಿತಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ತಲೆಯೆತ್ತಿ, ‘ಅದು ವಿಷ್ಣುವರ್ಧನಂದಲ್ಲೋ ತಮ್ಮಾ, ತ.ರಾ.ಸು. ಅವರದು. ಓದೋದಾದ್ರ ಸಿನಿಮಾ ಮರೆತು ಓದು, ಇಲ್ಲಾಂದ್ರ ಬಿಟ್ಟುಬಿಡು’ ಎಂದರು. ಹುಡುಗನು ನಾಚಿ ಹೊರಟುಹೋದನು. ಪುಸ್ತಕ ಕಪಾಟಿನಲ್ಲಿಯೇ ಉಳಿಯಿತು. ಉಪಾಧ್ಯಾಯರು ಆಡಿದುದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ನಿಜದ ಫಲವಾಗಿ ಒಂದು ಕಾದಂಬರಿಗೆ ಒಬ್ಬ ಓದುಗನು ಕಡಮೆಯಾದನು. ಆ ಹೊತ್ತಿನಲ್ಲಿ ನಮ್ಮ ಮನಸ್ಸೂ ಉಪಾಧ್ಯಾಯರ ಪಕ್ಷವನ್ನೇ ವಹಿಸಿದ್ದಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

೨

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು (೧೯೨೦–೧೯೮೪), ಅಂದರೆ ತ.ರಾ.ಸು., ಅ.ನ. ಕೃಷ್ಣರಾಯರು, ಬಸವರಾಜ ಕಟ್ಟೀಮನಿ, ನಿರಂಜನ ಮೊದಲಾದವರೊಡನೆ ಪ್ರಗತಿಶೀಲ ಚಳವಳಿಯ ಮುಂಚೂಣಿಯಲ್ಲಿದ್ದವರು. ಅವರ ಕೃತಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ೧೯೮೨ರ ‘ದುರ್ಗಾಸ್ತಮಾನ’ದವರೆಗೆ ಚಿತ್ರದುರ್ಗದ ಪಾಳೆಯಗಾರರನ್ನು ಕುರಿತ ಐತಿಹಾಸಿಕ ಕಾದಂಬರಿಗಳು ಒಂದು ಬಗೆ, ‘ಚಂದವಳ್ಳಿಯ ತೋಟ’, ‘ನಾಗರಹಾವು’ ಮೊದಲಾದ ಸಾಮಾಜಿಕ ಕಾದಂಬರಿಗಳು ಇನ್ನೊಂದು ಬಗೆ. ‘ದುರ್ಗಾಸ್ತಮಾನ’ಕ್ಕೆ ೧೯೮೫ರಲ್ಲಿ, ಲೇಖಕರು ತೀರಿಕೊಂಡ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಇವರ ಓದುಗರಿಗೆ ಚಲನಚಿತ್ರವೆಂಬುದು ೧೯೭೨ರಲ್ಲಿ ಹೊಸತಾಗಿ ಬಂದ ಅತಿಥಿಯಾಗಿರಲಿಲ್ಲ. ‘ಹಂಸಗೀತೆ’ಯ ಕಥೆ ೧೯೫೬ರಷ್ಟು ಹಿಂದೆಯೇ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರಕ್ಕೆ ಆಧಾರವಾಗಿದ್ದಿತು, ಕನ್ನಡದಲ್ಲಿ ಜಿ.ವಿ. ಅಯ್ಯರ್ ಅವರು ಅದನ್ನು ಚಿತ್ರವಾಗಿಸಿದುದು ೧೯೭೫ರಲ್ಲಿ. ‘ಚಂದವಳ್ಳಿಯ ತೋಟ’ ೧೯೬೪ರಲ್ಲಿಯೇ ತೆರೆಗೆ ಬಂದಿದ್ದಿತು. ಆದರೆ ‘ನಾಗರಹಾವು’ ಚಿತ್ರ ಎಬ್ಬಿಸಿದಷ್ಟು ಅಲೆಯನ್ನು ಅವು ಎಬ್ಬಿಸಲಿಲ್ಲ. ಎನ್. ವೀರಾಸ್ವಾಮಿಯವರು ನಿರ್ಮಿಸಿ, ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರ ೧೯೭೨ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಒಂದೇ ಚಿತ್ರಕಥೆಯನ್ನಾಗಿ ಹೆಣೆಯಲಾಗಿದ್ದಿತು. ವಿಷ್ಣುವರ್ಧನರಿಗೆ ನಾಯಕ ಪಾತ್ರ ದೊರೆತುದು ಇದರಲ್ಲಿಯೇ ಮೊದಲು; ಅಂಬರೀಷರು ತೆರೆಗೆ ಬಂದುದೂ ಇದರಿಂದಲೇ. ಕೆ.ಎಸ್. ಅಶ್ವತ್ಥರ ಚಾಮಯ್ಯ ಮೇಷ್ಟ್ರು, ಆರತಿಯವರ ಅಲಮೇಲು, ಶುಭಾ ಅವರ ಮಾರ್ಗರೆಟ್, ಜಯಂತಿಯವರ ಒನಕೆ ಓಬವ್ವ – ಇವು ಕಾದಂಬರಿಯ ಹೆಸರನ್ನೇ ಕೇಳದಿದ್ದ ಮನೆಗಳಲ್ಲಿಯೂ ಮನೆಮಾತಾದುವು. ನಿರ್ದೇಶಕರು ತಾವೇ ೧೯೭೪ರಲ್ಲಿ ಇದನ್ನು ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಿಂದ ಹಿಂದಿಗೆ ಒಯ್ದರು. ೨೦೧೮ರಲ್ಲಿ ಚಿತ್ರವನ್ನು ನವೀಕರಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದಾಗ, ಮೊದಲ ಪ್ರೇಕ್ಷಕರ ಮೊಮ್ಮಕ್ಕಳ ವಯಸ್ಸಿನವರು ಅದನ್ನು ನೋಡಿದರು. ಮೇಲೆ ಹೇಳಿದ ಹುಡುಗನು ಆ ಪೀಳಿಗೆಯವನು.

ಚಿತ್ರ ಲೇಖಕರಿಗೆ ಹಿಡಿಸಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ನಿರ್ದೇಶಕರು ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ನೊಂದು ನುಡಿದರೆಂಬ ಮಾತು ಕನ್ನಡ ಸಾಹಿತ್ಯ ವಲಯದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಹಳೆಯ ಓದುಗರು ತಮ್ಮ ಅಸಮಾಧಾನಕ್ಕೆ ಆಧಾರವಾಗಿ ಮೊದಲು ಎತ್ತಿ ತೋರಿಸುವುದು ಈ ಮಾತನ್ನೇ. ಇದೇ ನಿರ್ದೇಶಕರು ಮುಂದೆ ತಮ್ಮ ಕೊನೆಯ ಚಿತ್ರಕ್ಕೂ ತ.ರಾ.ಸು. ಅವರ ‘ಮಸಣದ ಹೂವು’ ಕಾದಂಬರಿಯನ್ನೇ ಆರಿಸಿಕೊಂಡರೆಂಬುದನ್ನು ಮಾತ್ರ ಅವರು ಅಷ್ಟಾಗಿ ನೆನೆಯುವುದಿಲ್ಲ.

೩

ಹಳೆಯ ಓದುಗರ ದೂರುಗಳನ್ನು ಕೇಳಿ ನೋಡಿದರೆ ಅವು ಮುಖ್ಯವಾಗಿ ಮೂರು. ಒಂದು, ಚಿತ್ರವು ಪಾತ್ರಗಳಿಗೆ ಅಳಿಸಲಾಗದ ಮುಖಗಳನ್ನು ಕೊಟ್ಟುಬಿಟ್ಟಿತು. ಎರಡು, ಮೂರು ಕಾದಂಬರಿಗಳ ನಿಧಾನವಾದ ನಡೆಯನ್ನು ಮೂರು ಗಂಟೆಗಳ ಓಟಕ್ಕೆ ಇಳಿಸಿತು. ಮೂರು, ಓದಿನ ಶ್ರಮವಿಲ್ಲದೆ ಬಂದವರಿಗೂ ಕೃತಿಯ ಬಂಧುಗಳೆಂದು ಹೇಳಿಕೊಳ್ಳುವ ಸಲಿಗೆಯನ್ನು ಕೊಟ್ಟಿತು. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ದೂರು ಅತ್ಯಂತ ನ್ಯಾಯವಾದುದು. ಓದುವವನು ರಾಮಾಚಾರಿಗೆ ತನ್ನ ಕೇರಿಯ ಯಾವನೋ ಒಬ್ಬ ಹಟಮಾರಿ ಹುಡುಗನ ಮುಖವನ್ನು ಕೊಟ್ಟುಕೊಂಡಿರುತ್ತಾನೆ. ಚಾಮಯ್ಯನವರಿಗೆ ತನಗೆ ಅಕ್ಷರ ಕಲಿಸಿದ ಮೇಷ್ಟ್ರ ಮುಖವನ್ನು ಕೊಟ್ಟಿರುತ್ತಾನೆ. ತೆರೆಯ ಮುಖ ಒಮ್ಮೆ ಕಂಡಿತೆಂದರೆ ಈ ಸ್ವಂತ ಮುಖಗಳು ಹಿಂದೆ ಸರಿಯುತ್ತವೆ. ಎಷ್ಟು ಪ್ರಯತ್ನಪಟ್ಟರೂ ಅವನ್ನು ಮರಳಿ ತರುವುದು ಕಷ್ಟ. ಚರಿತ್ರೆಯನ್ನು ಬೋಧಿಸುವವರಿಗೆ ಇದರ ಅನುಭವ ಚೆನ್ನಾಗಿ ಉಂಟು. ಹಂಪಿ ನಮಗೆ ದೂರವಲ್ಲ. ಕೃಷ್ಣದೇವರಾಯನ ಲೋಹದ ಪ್ರತಿಮೆ ತಿರುಮಲೆಯಲ್ಲಿ ಇಬ್ಬರು ರಾಣಿಯರೊಡನೆ ಇಂದಿಗೂ ಕೈಮುಗಿದು ನಿಂತಿದೆ. ಆದರೂ ನಮ್ಮ ವಿದ್ಯಾರ್ಥಿಗಳಿಗೆ ರಾಯನೆಂದರೆ ಕಣ್ಣಮುಂದೆ ಬರುವುದು ೧೯೭೦ರ ‘ಶ್ರೀಕೃಷ್ಣದೇವರಾಯ’ ಚಿತ್ರದ ರಾಜಕುಮಾರರ ಮುಖವೇ. ಇಂತಹ ಸ್ಥಳದಲ್ಲಿ ಏನೋ ಒಂದು ಕಳೆದುಹೋಗಿದೆಯೆಂದು ಬಲ್ಲವನು ಹಳಬನೊಬ್ಬನೇ. ಹೊಸಬನಿಗೆ ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲವಾದುದರಿಂದ ಅವನಿಗೆ ಈ ನಷ್ಟ ಕಾಣುವುದಿಲ್ಲ. ಹಳಬನ ದುಃಖಕ್ಕೆ ಜೊತೆಯಿಲ್ಲದಿರುವುದೇ ಅದನ್ನು ಕೋಪವಾಗಿ ತಿರುಗಿಸುತ್ತದೆಂದು ತೋರುತ್ತದೆ.

ಎರಡನೆಯ ದೂರೂ ನಿಜವೇ. ಮೂರು ಕೃತಿಗಳ ಅವಕಾಶದಲ್ಲಿ ಬೆಳೆಯುವ ಮನಸ್ಸಿನ ಏರಿಳಿತವನ್ನು ಒಂದೇ ಆಟದಲ್ಲಿ ತೋರಿಸಬೇಕಾದಾಗ ನಿರ್ದೇಶಕನು ಕೆಲವನ್ನು ಬಿಡಬೇಕು, ಕೆಲವನ್ನು ಹಿಗ್ಗಿಸಬೇಕು. ಆದರೆ ಈ ದೂರಿಗೆ ಗುರಿಯಾಗಬೇಕಾದವರು ಯಾರು? ಚಿತ್ರದಲ್ಲಿ ಬಿಟ್ಟುಹೋದುದಕ್ಕೆ ಚಿತ್ರದ ತಯಾರಕರು ಹೊಣೆ, ಪ್ರೇಕ್ಷಕನು ಹೊಣೆಯಲ್ಲ. ಅದರಲ್ಲಿಯೂ ಚಿತ್ರವನ್ನು ನೋಡಿ ತೃಪ್ತನಾಗಿ ಮನೆಗೆ ಹೋಗದೆ, ಪುಸ್ತಕದಲ್ಲಿ ಇನ್ನೇನಿದೆಯೋ ಎಂದು ಗ್ರಂಥಾಲಯದ ಮೆಟ್ಟಲು ಹತ್ತಿದವನು, ಬಿಟ್ಟುಹೋದುದನ್ನು ಹುಡುಕಿಕೊಂಡು ಬಂದವನೇ ಆಗಿದ್ದಾನೆ. ಚಿತ್ರದ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡರೆ, ಅಪರಾಧಿಯನ್ನು ಬಿಟ್ಟು ಸಾಕ್ಷಿಯನ್ನು ದಂಡಿಸಿದಂತಾಗುತ್ತದೆ. ನಮ್ಮ ಗ್ರಂಥಾಲಯದಲ್ಲಿ ನಡೆದುದು ಇದೇ.

ಮೂರನೆಯ ದೂರು ಬೇರೆ ಜಾತಿಯದು. ಅದರ ಹಿಂದಿರುವುದು ಶ್ರಮದ ನೆನಪು. ಒಂದು ಪುಸ್ತಕದ ಸರದಿಗಾಗಿ ವಾರಗಟ್ಟಲೆ ಕಾದುದು, ಹರಿದ ಪ್ರತಿಯ ಕೊನೆಯ ಪುಟಗಳಿಲ್ಲದೆ ಗೆಳೆಯನ ಬಾಯಿಂದ ಮುಕ್ತಾಯವನ್ನು ಕೇಳಿ ತಿಳಿದುದು, ಮನೆಯವರ ಕಣ್ಣು ತಪ್ಪಿಸಿ ರಾತ್ರಿ ಓದಿದುದು – ಇವೆಲ್ಲ ಹಳಬರ ಆಸ್ತಿ. ಮೂರು ಗಂಟೆಗಳ ಕಾಲ ಕತ್ತಲಲ್ಲಿ ಕುಳಿತು ಬಂದವನು ತಮ್ಮ ಸಾಲಿನಲ್ಲಿ ನಿಂತಾಗ ಅವರಿಗೆ ಮುನಿಸು ಬರುವುದು ಸಹಜ. ಸಹಜವಾದುದೆಲ್ಲವೂ ನ್ಯಾಯವಾದುದೆಂದು ಹೇಳಬರುವುದಿಲ್ಲ. ಹೊಲಕ್ಕೆ ಮೊದಲು ಕುಂಟೆ ಹೊಡೆದವನಿಗೆ ಹಕ್ಕು ಹುಟ್ಟಬಹುದು. ಮೊದಲು ಓದಿದುದರಿಂದ ಕೃತಿಯ ಮೇಲೆ ಹಕ್ಕು ಹುಟ್ಟುವುದೆಂದು ಯಾವ ಅಲಂಕಾರಶಾಸ್ತ್ರವೂ ಹೇಳಿಲ್ಲ. ಅದು ಹೇಳುವ ಸಹೃದಯನಿಗೆ ಮನಸ್ಸಿನ ಸಂಸ್ಕಾರ ಬೇಕು. ಹಿರಿತನ ಬೇಕೆಂಬ ನಿಯಮವಿಲ್ಲ.

ಈ ಮಾತನ್ನು ಬೇರೆ ಎರಡು ನಿದರ್ಶನಗಳಿಂದ ಪರೀಕ್ಷಿಸಬಹುದು. ‘ನಾಗರಹಾವು’ ಬಂದ ವರ್ಷವೇ, ಅಂದರೆ ೧೯೭೨ರಲ್ಲಿ, ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ‘ಬಂಗಾರದ ಮನುಷ್ಯ’ ಬಂದಿತು. ಆ ಚಿತ್ರದ ಕೀರ್ತಿ ಎಷ್ಟು ದೊಡ್ಡದಾಯಿತೆಂದರೆ, ಅದಕ್ಕೆ ಮೂಲವಾಗಿ ಒಂದು ಪುಸ್ತಕವುಂಟೆಂಬುದನ್ನೇ ಅರಿಯದೆ ಅದರ ಮಾತುಗಳನ್ನು ಬಾಯಿಪಾಠ ಹೇಳುವವರನ್ನು ನಾವು ನಿತ್ಯವೂ ಕಾಣುತ್ತೇವೆ. ಇಲ್ಲಿ ಹೊಸಬರ ಗದ್ದಲವಿಲ್ಲ; ಏಕೆಂದರೆ ಪುಸ್ತಕದ ಬಾಗಿಲಿಗೆ ಬರುವವರೇ ವಿರಳ. ಪುಸ್ತಕಕ್ಕೆ ನಿಜವಾದ ಅಪಾಯ ಯಾವುದೆಂಬುದನ್ನು ಈ ನಿದರ್ಶನ ತೋರಿಸುತ್ತದೆ. ಚಿತ್ರ ನೋಡಿ ಪುಸ್ತಕ ಕೇಳುವವನಿಂದ ಬರುವ ಕೇಡು ಅಲ್ಪ; ಚಿತ್ರ ನೋಡಿದ ಮೇಲೆ ಪುಸ್ತಕ ಬೇಡವೆನ್ನುವವನಿಂದ ಬರುವ ಕೇಡು ದೊಡ್ಡದು.

ಇನ್ನೊಂದು ನಿದರ್ಶನ ತ್ರಿವೇಣಿಯವರದು. ಅವರು ೧೯೬೩ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ, ತೀರಿಕೊಂಡರು. ‘ಬೆಳ್ಳಿಮೋಡ’ (೧೯೬೭), ‘ಹಣ್ಣೆಲೆ ಚಿಗುರಿದಾಗ’ (೧೯೬೮), ‘ಶರಪಂಜರ’ (೧೯೭೧) – ಇವೆಲ್ಲವೂ ಅವರು ಕಾಣದ ಚಿತ್ರಗಳು. ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಲೇಖಕಿಯಿಲ್ಲದಿರುವಾಗ ಆ ಹೊಣೆಯನ್ನು ಓದುಗರೇ ಹೊರಬೇಕಾಯಿತು. ಮಾನಸಿಕ ಅಸ್ವಾಸ್ಥ್ಯದಿಂದ ಚೇತರಿಸಿಕೊಂಡು ಮನೆಗೆ ಮರಳಿದ ಹೆಣ್ಣನ್ನು ಮನೆಯೇ ಹೇಗೆ ಹೊರಗಿಡುತ್ತದೆಂಬ ವಸ್ತುವನ್ನು ಪುಸ್ತಕದಲ್ಲಿ ಓದಿದವರಿಗೆ, ಕಲ್ಪನಾ ಅವರ ಅಭಿನಯದ ಅಬ್ಬರ ಹೆಚ್ಚೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕಲ್ಪನಾ ಅವರ ಕಾವೇರಿಯನ್ನು ನೋಡಿದ ಮೇಲೆ ತ್ರಿವೇಣಿಯವರನ್ನು ಹುಡುಕಿ ಓದಿದ ಹೆಣ್ಣುಮಕ್ಕಳ ಪೀಳಿಗೆಗಳೂ ಉಂಟು. ತ್ರಿವೇಣಿಯವರ ಕಾದಂಬರಿಗಳು ಅವರು ತೀರಿಕೊಂಡು ಆರು ದಶಕಗಳಾದ ಮೇಲೂ ಅಚ್ಚಿನಲ್ಲಿ ಉಳಿದಿರುವುದಕ್ಕೆ ಈ ಎರಡು ಪಂಗಡಗಳೂ ಸೇರಿಯೇ ಕಾರಣವೆನ್ನಬೇಕಾಗುತ್ತದೆ.

ಈ ಭಾವನೆ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಜೆ.ಆರ್.ಆರ್. ಟೋಲ್ಕಿನ್ನರು ೧೯೫೪–೫೫ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದ ರಿಂಗ್ಸ್’ ಎಂಬ ಬೃಹತ್ಕಥೆ ೨೦೦೧ರಿಂದ ೨೦೦೩ರವರೆಗೆ ಮೂರು ಚಿತ್ರಗಳಾಗಿ ಬಂದಾಗ, ಅರ್ಧ ಶತಮಾನದಿಂದ ಅದನ್ನು ಓದಿಕೊಂಡು ಬಂದವರಲ್ಲಿ ಇದೇ ಬಗೆಯ ಒಡಕು ಕಾಣಿಸಿಕೊಂಡಿತು. ತಂದೆಯ ಹಸ್ತಪ್ರತಿಗಳನ್ನು ಸಂಪಾದಿಸುವುದರಲ್ಲಿಯೇ ಆಯುಷ್ಯ ಕಳೆದ ಮಗ ಕ್ರಿಸ್ಟೊಫರ್ ಟೋಲ್ಕಿನ್ನರು ಆ ಚಿತ್ರಗಳ ವಿಷಯದಲ್ಲಿ ತಮಗಿದ್ದ ಬೇಸರವನ್ನು ೨೦೧೨ರಲ್ಲಿ ಒಂದು ಫ್ರೆಂಚ್ ಪತ್ರಿಕೆಗೆ ಬಹಿರಂಗವಾಗಿ ತಿಳಿಸಿದರು. ಬಂಗಾಳದ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ೧೯೫೦ರಲ್ಲಿ ತೀರಿಕೊಂಡುದರಿಂದ, ಸತ್ಯಜಿತ್ ರಾಯ್ ಅವರ ೧೯೫೫ರ ‘ಪಥೇರ್ ಪಾಂಚಾಲಿ’ ಚಿತ್ರವನ್ನು ನೋಡಲಿಲ್ಲ. ಬಂಗಾಳದ ಹೊರಗೆ ಅವರ ಹೆಸರನ್ನು ಬಲ್ಲವರಲ್ಲಿ ಬಹುಪಾಲು ಜನ ಆ ಚಿತ್ರದ ಬಾಗಿಲಿನಿಂದಲೇ ಒಳಗೆ ಬಂದವರು.

೪

ಇಷ್ಟರವರೆಗೆ ಹಳಬರು ಹೊಸಬರನ್ನು ಪ್ರಶ್ನಿಸಿದುದನ್ನು ನೋಡಿದೆವು. ಈಗ ಹಳಬರನ್ನೇ ಒಂದು ಪ್ರಶ್ನೆ ಕೇಳಬೇಕಾಗಿದೆ: ಅವರು ಬಂದುದು ಯಾವ ಬಾಗಿಲಿನಿಂದ?

ತ.ರಾ.ಸು. ಅವರ ಕಾದಂಬರಿಗಳ ಮೊದಲ ಓದುಗರಲ್ಲಿ ಅನೇಕರು ವಿದ್ವತ್ತಿನ ಹೆಬ್ಬಾಗಿಲಿನಿಂದ ಬಂದವರಲ್ಲ. ಪತ್ರಿಕೆಗಳ ಧಾರಾವಾಹಿಗಳು, ಬಾಡಿಗೆ ಪುಸ್ತಕದ ಅಂಗಡಿಗಳು, ಅಗ್ಗದ ಬೆಲೆಯ ಮಾಲೆಗಳು – ಇವು ಅಂದಿನ ಓದಿನ ದಾರಿಗಳು. ಸಾಮಾನ್ಯ ಜನರನ್ನು ತಲುಪಬೇಕೆಂಬುದು ಪ್ರಗತಿಶೀಲರ ಘೋಷಿತವಾದ ಗುರಿಯೇ ಆಗಿದ್ದಿತು. ಆ ಕಾರಣದಿಂದಲೇ ಈ ಕಾದಂಬರಿಗಳನ್ನು ಕೈಯಲ್ಲಿ ಹಿಡಿದವರನ್ನು, ಪಂಪ ರನ್ನರನ್ನು ಓದಿಕೊಂಡಿದ್ದ ವಿದ್ವಾಂಸರೂ ಆಮೇಲೆ ಬಂದ ನವ್ಯ ವಿಮರ್ಶಕರೂ ಸ್ವಲ್ಪ ಕೆಳಗಣ್ಣಿನಿಂದ ನೋಡಿದುದುಂಟು. ಕಾದಂಬರಿ ಹಿಡಿದ ಹುಡುಗ ಕೆಟ್ಟನೆಂದು ಮನೆಯ ಹಿರಿಯರು ಗದರುತ್ತಿದ್ದ ಕಾಲವದು. ಅಂದು ಗದರಿಸಿಕೊಂಡವರೇ ಇಂದು ಗದರುವ ಸ್ಥಾನದಲ್ಲಿದ್ದಾರೆ.

ಚರಿತ್ರೆಯ ಕಡೆಯಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಚಿತ್ರದುರ್ಗದ ಪಾಳೆಯಗಾರರ ವಿಷಯವಾಗಿ ಕನ್ನಡದ ಸಾಮಾನ್ಯ ಓದುಗನಿಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ತ.ರಾ.ಸು. ಅವರ ಕಾದಂಬರಿಗಳಿಂದ ಬಂದುದು. ಹುಲ್ಲೂರು ಶ್ರೀನಿವಾಸ ಜೋಯಿಸರಂತಹವರು ಕಾಗದಪತ್ರಗಳನ್ನೂ ಶಾಸನಗಳನ್ನೂ ಕೂಡಿಹಾಕಿ ಪಟ್ಟ ಶ್ರಮ ಅವನಿಗೆ ತಿಳಿಯದು. ದುರ್ಗದ ಚರಿತ್ರೆಯನ್ನು ಬಲ್ಲೆನೆಂದು ಅವನು ಹೇಳಿದಾಗ ಚರಿತ್ರಕಾರನ ಮನಸ್ಸಿನಲ್ಲಿ ಹುಟ್ಟುವ ಭಾವನೆ ಯಾವುದು? ‘ನೀನು ಬಲ್ಲುದು ಕಾದಂಬರಿಯನ್ನು, ಚರಿತ್ರೆಯನ್ನಲ್ಲ’ ಎಂಬುದೇ. ಚಿತ್ರ ನೋಡಿ ಕಾದಂಬರಿಗೆ ಬಂದವನು ಹಳೆಯ ಓದುಗನ ಕಣ್ಣಿಗೆ ಹೇಗೋ, ಕಾದಂಬರಿ ಓದಿ ಚರಿತ್ರೆಗೆ ಬಂದವನು ನಮ್ಮ ಕಣ್ಣಿಗೆ ಹಾಗೆ. ಏಣಿಯ ಪ್ರತಿಯೊಂದು ಮೆಟ್ಟಲಿನಲ್ಲಿ ನಿಂತವನಿಗೂ ತನ್ನ ಕೆಳಗಿನ ಮೆಟ್ಟಲಿನವನು ತಡವಾಗಿ ಬಂದವನೇ.

ನಮ್ಮ ಸೀಮೆಯಲ್ಲಿ ಇದಕ್ಕೊಂದು ವಿಶೇಷವೂ ಉಂಟು. ಹಡಗಲಿಗೆ ನೆರೆಯದಾದ ಹರಪನಹಳ್ಳಿಯ ಪಾಳೆಯಪಟ್ಟು ದುರ್ಗಕ್ಕೆ ಬಹುಕಾಲ ಎದುರಾಳಿಯಾಗಿದ್ದಿತು. ೧೭೪೮ರಲ್ಲಿ ಮಾಯಕೊಂಡದ ಕಾಳಗದಲ್ಲಿ ದುರ್ಗದ ಹಿರೇ ಮದಕರಿನಾಯಕನು ಮಡಿದುದು ಹರಪನಹಳ್ಳಿಯ ಸೋಮಶೇಖರನಾಯಕನೇ ಮೊದಲಾದವರ ಕೂಟವನ್ನು ಎದುರಿಸಿ ಕಾದುತ್ತಿರುವಾಗ. ಹೀಗಿದ್ದರೂ ಇಲ್ಲಿಯ ಓದುಗನು ಆ ಕಾಲವನ್ನು ನೆನೆಯುವಾಗ ದುರ್ಗದ ಕೋಟೆಯ ಮೇಲೆ ನಿಂತೇ ನೆನೆಯುತ್ತಾನೆ. ತನ್ನ ಸೀಮೆಯ ನಾಯಕನು ಅವನಿಗೆ ಶತ್ರುವಾಗಿ ಕಾಣುತ್ತಾನೆ. ದುರ್ಗಕ್ಕೆ ಒಬ್ಬ ದೊಡ್ಡ ಕಾದಂಬರಿಕಾರನು ದೊರೆತನು, ಹರಪನಹಳ್ಳಿಗೆ ದೊರೆಯಲಿಲ್ಲ ಎಂಬುದರ ಹೊರತು ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ. ಅಂದರೆ ಚಿತ್ರವು ರಾಮಾಚಾರಿಯ ಮೇಲೆ ಒಂದು ಮುಖವನ್ನು ಹೇರಿದಂತೆ, ಕಾದಂಬರಿಯೂ ಚರಿತ್ರೆಯ ಮೇಲೆ ಒಂದು ಮುಖವನ್ನು ಹೇರಿದೆ. ಆ ಮುಖವನ್ನು ತಕರಾರಿಲ್ಲದೆ ಒಪ್ಪಿಕೊಂಡ ಓದುಗನು, ಚಿತ್ರದ ಮುಖವನ್ನು ಒಪ್ಪಿಕೊಂಡ ಹುಡುಗನನ್ನು ಹಳಿಯುವ ಮುನ್ನ ಸ್ವಲ್ಪ ಯೋಚಿಸಬೇಕು.

ಚರಿತ್ರಕಾರನೂ ಏಣಿಯ ತುದಿಯಲ್ಲಿ ನಿಶ್ಚಿಂತನಾಗಿ ನಿಲ್ಲುವಂತಿಲ್ಲ. ಒನಕೆ ಓಬವ್ವನ ವಿಷಯವನ್ನೇ ತೆಗೆದುಕೊಳ್ಳೋಣ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯೊಂದರಿಂದ ನುಸುಳಿ ಬರುತ್ತಿರಲು, ಕಾವಲುಗಾರನ ಹೆಂಡತಿ ಒನಕೆ ಹಿಡಿದು ಅವರನ್ನು ಕೊಂದಳೆಂಬ ವೃತ್ತಾಂತಕ್ಕೆ ಮುಖ್ಯವಾದ ಆಧಾರ ಜನರ ನೆನಪು. ೧೭೭೯ರಲ್ಲಿ ದುರ್ಗ ಹೈದರನ ವಶವಾದ ಮೇಲೂ ಆ ನೆನಪನ್ನು ಕಾಪಾಡಿಕೊಂಡು ಬಂದವರು ಊರಿನ ಜನ. ಅದು ನಾಡಿನ ಮೂಲೆಮೂಲೆಗೂ ತಲುಪಿದುದು ಹೆಚ್ಚಾಗಿ ೧೯೭೨ರ ಚಿತ್ರದಿಂದ. ಇಂದು ದುರ್ಗದ ಕೋಟೆಗೆ ಹೋಗುವವರು ಓಬವ್ವನ ಕಿಂಡಿ ಎಲ್ಲಿಯೆಂದು ತಪ್ಪದೆ ಕೇಳುತ್ತಾರೆ. ಊರಿನ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. ೨೦೨೧ರಿಂದ ರಾಜ್ಯ ಸರ್ಕಾರ ನವೆಂಬರ್ ೧೧ರಂದು ಅವಳ ಜಯಂತಿಯನ್ನು ಆಚರಿಸುತ್ತ ಬಂದಿದೆ. ಕಾಗದಪತ್ರವನ್ನೇ ನಂಬುವ ಚರಿತ್ರಕಾರನಿಗೆ ಈ ಉತ್ಸಾಹ ಅತಿಯಾಗಿ ತೋರಬಹುದು. ಆದರೆ ಕೋಟೆಯ ಕೆಳಗಿನ ಕೇರಿಯ ಮುದುಕಿಯ ದೃಷ್ಟಿಯಲ್ಲಿ ತಡವಾಗಿ ಬಂದವರು ಯಾರು? ಅವಳು ಅಜ್ಜಿಯ ಬಾಯಿಂದ ಕೇಳಿದುದನ್ನು ಚರಿತ್ರಕಾರನು, ಕಾದಂಬರಿಕಾರನು, ನಿರ್ದೇಶಕನು, ಪ್ರೇಕ್ಷಕನು ಎಲ್ಲರೂ ಆಮೇಲೆ ಬಂದು ಕೇಳಿದವರೇ.

ನಮ್ಮ ಹಳೆಯ ಸಾಹಿತ್ಯ ಸಂಪ್ರದಾಯವು ಈ ವಿಷಯದಲ್ಲಿ ನಮಗಿಂತ ಉದಾರವಾಗಿದ್ದಿತು. ಕುಮಾರವ್ಯಾಸನ ಭಾರತವನ್ನು ಓದಬಲ್ಲವರು ಊರಿಗೆ ಒಬ್ಬಿಬ್ಬರು. ಗಮಕಿಯ ವಾಚನದಿಂದ ಕೇಳಿದವರು ಊರೆಲ್ಲ. ಬಳ್ಳಾರಿ ಸೀಮೆಯ ಬಯಲಾಟಗಳಲ್ಲಿ ಬೆಳಗಿನವರೆಗೆ ಕುಳಿತು ಅರ್ಜುನನನ್ನೂ ಕರ್ಣನನ್ನೂ ಕಂಡವರಿಗೆ, ನೀವು ಮೊದಲು ಗ್ರಂಥ ಓದಿ ಬನ್ನಿರೆಂದು ಯಾರೂ ಹೇಳಲಿಲ್ಲ. ಆಟದ ಕರ್ಣನಿಗೂ ಕಾವ್ಯದ ಕರ್ಣನಿಗೂ ಇರುವ ಅಂತರವನ್ನು ಬಲ್ಲ ಹಿರಿಯರು ಜಗಲಿಯ ಮೇಲೆ ಅದನ್ನು ವಿವರಿಸುತ್ತಿದ್ದರು. ಆ ವಿವರಣೆಯನ್ನು ಕೇಳಬೇಕೆನ್ನಿಸುತ್ತಿದ್ದುದು, ಹಿಂದಿನ ರಾತ್ರ ಆಟ ನೋಡಿದ್ದುದರಿಂದಲೇ.

೫

ಹಾಗಾದರೆ ಹಳಬ ಹೊಸಬರಲ್ಲಿ ಯಾವ ತಾರತಮ್ಯವೂ ಇಲ್ಲವೆಂದು ಹೇಳಬೇಕೆ? ಅದೂ ನಮ್ಮ ಅಭಿಪ್ರಾಯವಲ್ಲ. ತಾರತಮ್ಯವುಂಟು, ಅದರ ಅಳತೆಗೋಲು ಬೇರೆ. ಬಂದ ಕಾಲವನ್ನು ನೋಡದೆ, ಬಂದ ಮೇಲೆ ಕೃತಿಗೆ ಎಷ್ಟು ಮಣೆ ಹಾಕಿದನೆಂಬುದನ್ನು ನೋಡಬೇಕು. ಚಿತ್ರದಿಂದ ಬಂದವನು, ಪುಸ್ತಕವು ಚಿತ್ರವನ್ನು ಅಲ್ಲಗಳೆದ ಸ್ಥಳದಲ್ಲಿ ಪುಸ್ತಕದ ಮಾತನ್ನು ಕೇಳಿಸಿಕೊಂಡರೆ ಅವನು ಓದುಗನು. ಕೇಳಿಸಿಕೊಳ್ಳದೆ, ತೆರೆಯ ಮೇಲೆ ಕಂಡುದನ್ನೇ ಪುಟದಲ್ಲಿ ಹುಡುಕಿ ಅದು ಸಿಗಲಿಲ್ಲವೆಂದು ಮುಚ್ಚಿಟ್ಟರೆ ಅವನು ಇನ್ನೂ ಪ್ರೇಕ್ಷಕನೇ. ಹಳಬನಿಗೂ ಇದೇ ಪರೀಕ್ಷೆ. ಪುಸ್ತಕವನ್ನು ಮತ್ತೆ ತೆರೆದಾಗ ಅದು ತನ್ನ ನೆನಪನ್ನು ಅಲ್ಲಗಳೆದರೆ ಅವನು ಯಾರ ಮಾತನ್ನು ಕೇಳುತ್ತಾನೆ? ಮೂವತ್ತು ವರ್ಷಗಳಿಂದ ಮತ್ತೆ ತೆರೆಯದ ಪುಸ್ತಕದ ಮೇಲೆ ಹಕ್ಕು ಸಾಧಿಸುವವನು, ಪುಸ್ತಕದ ಹೆಸರಿನಲ್ಲಿ ತನ್ನ ಯೌವನವನ್ನು ಕಾಯುತ್ತಿರಬಹುದು.

ಈ ಪರೀಕ್ಷೆಗೆ ನಮ್ಮನ್ನು ನಾವು ಒಡ್ಡಿಕೊಂಡಾಗ ದೊರೆತ ಫಲವನ್ನು ಇಲ್ಲಿ ಹೇಳುವುದು ಪ್ರಾಮಾಣಿಕತೆಗೆ ಅವಶ್ಯಕ. ಗ್ರಂಥಾಲಯದಲ್ಲಿ ಉಪಾಧ್ಯಾಯರ ಪಕ್ಷ ವಹಿಸಿದ ನಾವು ‘ನಾಗರಹಾವು’ ಚಿತ್ರ ಬಂದು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದವರು. ಬಾಲ್ಯದಲ್ಲಿ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಮೊದಲು ನೋಡಿದುದು ಚಿತ್ರವನ್ನೇ; ಪುಸ್ತಕ ಕೈಗೆ ಬಂದುದು ಕಾಲೇಜಿಗೆ ಸೇರಿದ ಮೇಲೆ. ‘ದುರ್ಗಾಸ್ತಮಾನ’ವನ್ನು ಓದಿದುದು ಅದರ ಹಿಂದೆ, ಚರಿತ್ರೆಯನ್ನು ವಿಷಯವಾಗಿ ಆರಿಸಿಕೊಂಡುದು ಅದಕ್ಕೂ ಹಿಂದೆ. ಏಣಿಯ ಒಂದೊಂದು ಮೆಟ್ಟಲನ್ನೂ ನಾವು ಕೆಳಗಿನಿಂದಲೇ ಹತ್ತಿ ಬಂದವರು. ಕಾಲಕ್ರಮದಲ್ಲಿ ಈ ಕ್ರಮವನ್ನು ಮರೆತು, ಪುಸ್ತಕವನ್ನೇ ಮೊದಲು ಓದಿದವರಂತೆ ಮಾತನಾಡುವ ಅಭ್ಯಾಸ ನಮಗೆ ಬಂದುಬಿಟ್ಟಿದ್ದಿತು. ಈ ಲೇಖನಕ್ಕಾಗಿ ಮೂರು ಕಾದಂಬರಿಗಳನ್ನೂ ಮತ್ತೆ ಓದಿದಾಗ, ಕಾದಂಬರಿಯದೆಂದು ನಾವು ನಂಬಿಕೊಂಡಿದ್ದ ಎಷ್ಟೋ ವಿವರಗಳು ನೆನಪಿನಲ್ಲಿ ಚಿತ್ರದಿಂದ ಬಂದು ಸೇರಿಕೊಂಡವೆಂಬುದು ತಿಳಿಯಿತು. ಆ ಹುಡುಗನಿಗಿಂತ ನಾವು ಮುಂದಿದ್ದುದು ಕಾಲದಲ್ಲಿ ಮಾತ್ರ.

ಇದರಿಂದ ಹೊರಡುವ ಕರ್ತವ್ಯ ಸ್ಪಷ್ಟವಾಗಿದೆ. ಗ್ರಂಥಾಲಯಗಳಲ್ಲಿ ಮೂರು ಕಾದಂಬರಿಗಳನ್ನೂ ಜೊತೆಯಾಗಿ ಇರಿಸಿ, ಚಿತ್ರ ಇವುಗಳಿಂದ ಆದುದೆಂದು ಒಂದು ಚೀಟಿ ಅಂಟಿಸುವುದು ಖರ್ಚಿನ ಕೆಲಸವಲ್ಲ. ಚಿತ್ರದ ಹೆಸರು ಹೇಳಿಕೊಂಡು ಬಂದವನಿಗೆ ಲೇಖಕನ ಹೆಸರನ್ನು ತಿಳಿಸಬೇಕು, ಆದರೆ ಪುಸ್ತಕವನ್ನು ಕೈಗಿತ್ತು ತಿಳಿಸಬೇಕು. ಚರಿತ್ರೆಯ ತರಗತಿಯಲ್ಲಿ ಓಬವ್ವನ ಪ್ರಸಂಗವನ್ನು ಚಿತ್ರದಿಂದಲೇ ಆರಂಭಿಸಿ, ಅದರಲ್ಲಿ ಚಿತ್ರದ್ದು ಯಾವುದು, ಜನಶ್ರುತಿಯದು ಯಾವುದು, ದಾಖಲೆಯಿಂದ ಸಿದ್ಧವಾಗುವುದು ಯಾವುದು ಎಂದು ಬಿಡಿಸಿ ತೋರಿಸಿದರೆ, ಆಧಾರ ವಿಮರ್ಶೆಯ ಮೊದಲ ಪಾಠ ಅಲ್ಲಿಯೇ ಆಗಿಹೋಗುತ್ತದೆ. ಹಳೆಯ ಓದುಗರಿಗೆ ಇಲ್ಲಿ ಯಾರೂ ಮಾಡಲಾರದ ಒಂದು ಕೆಲಸವುಂಟು. ಚಿತ್ರ ಬರುವುದಕ್ಕೆ ಮುಂಚೆ ರಾಮಾಚಾರಿಗೆ ತಾವು ಕೊಟ್ಟುಕೊಂಡಿದ್ದ ಮುಖ ಯಾವುದೆಂಬುದನ್ನು ಅವರೇ ಹೇಳಬಲ್ಲರು. ಅಂತಹ ಓದುಗರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರು ಗದರಿ ಕಳುಹಿಸಿದ ಪ್ರತಿಯೊಬ್ಬ ಹುಡುಗನೊಡನೆ ಆ ನೆನಪನ್ನು ಕೇಳುವ ಒಂದು ಕಿವಿಯೂ ಹೊರಟುಹೋಗುತ್ತದೆ.

ಕೆಲವು ದಿನಗಳ ಮೇಲೆ ಆ ಹುಡುಗನು ನಮ್ಮ ಕಾಲೇಜಿನವನೇ ಎಂಬುದು ತಿಳಿದು, ಅವನನ್ನು ಕರೆದು ಮೊದಲನೆಯ ಕಾದಂಬರಿಯನ್ನು ಕೊಟ್ಟೆವು. ಹದಿನೈದು ದಿನಗಳ ತರುವಾಯ ತಂದೊಪ್ಪಿಸಿ, ‘ಇದರಾಗಿನ ರಾಮಾಚಾರಿ ಬ್ಯಾರೇನ ಅದಾನ್ರಿ ಸರ್’ ಎಂದನು. ಉಪಾಧ್ಯಾಯರು ಹೇಳಬಯಸಿದುದೂ ಇದೇ ಮಾತು. ಅದನ್ನು ಹುಡುಗನೇ ಕಂಡುಕೊಂಡುದರಿಂದ ಅದು ಈಗ ಅವನದಾಗಿದೆ. ಈ ಲೇಖನ ಬರೆಯುವ ಹೊತ್ತಿಗೆ ‘ಒಂದು ಗಂಡು ಎರಡು ಹೆಣ್ಣು’ ಅವನ ಬಳಿಯಿದೆ. ಪುಸ್ತಕ ಮರಳಿ ಬಂದ ದಿನ ಅವನನ್ನು ಉಪಾಧ್ಯಾಯರ ಮನೆಗೆ ಕರೆದುಕೊಂಡು ಹೋಗಬೇಕೆಂದು ನಾವು ನಿಶ್ಚಯಿಸಿದ್ದೇವೆ.